ಬೈಸಿಕಲ್ಲೂ ಬೀದಿಯ ನಿಯಮವೂ

ನಮ್ಮ ಶಾಲೆಯ ಗೋಡೆಗೆ ಒರಗಿಸಿಟ್ಟ ಬೈಸಿಕಲ್ಲುಗಳನ್ನು ನಾನು ದಿನವೂ ಬೆಳಿಗ್ಗೆ ಗಮನಿಸುತ್ತೇನೆ. ಕೆಲವಕ್ಕೆ ಗಂಟೆಯಿಲ್ಲ, ಕೆಲವಕ್ಕೆ ಬ್ರೇಕಿನ ರಬ್ಬರು ಸವೆದು ಕಬ್ಬಿಣವೇ ಚಕ್ರದ ಬಳೆಯನ್ನು ಉಜ್ಜುತ್ತಿರುತ್ತದೆ. ಕಾಚಿಗುಡ, ಚಾದರಘಾಟ್, ಬಡಿ ಚೌಡಿಗಳ ಕಡೆಯಿಂದ ಇವನ್ನೇರಿ, ಕೋಠಿಯ ಜನಸಂದಣಿಯನ್ನು ದಾಟಿ ಬರುವ ಮಕ್ಕಳೆಲ್ಲರೂ ತರಗತಿಯಲ್ಲಿ ಕುಳಿತ ಮೇಲೆಯೇ ನನಗೆ ನೆಮ್ಮದಿ. ಹಾಜರಿ ಕರೆಯುವಾಗ ಒಂದು ಹೆಸರಿಗೆ ಉತ್ತರ ಬರದಿದ್ದರೆ, ಜ್ವರವೋ ಸೋಮಾರಿತನವೋ ಎಂದು ಯೋಚಿಸುವುದಕ್ಕೆ ಮೊದಲು ನನ್ನ ಮನಸ್ಸು ಬೀದಿಗೆ ಹೋಗುತ್ತದೆ.

ವಿದ್ಯಾರ್ಥಿ ಮಿತ್ರರೇ, ಕೋಠಿಯೆಂದರೆ ದೊಡ್ಡ ಬಂಗಲೆ. ಬ್ರಿಟಿಷ್ ರೆಸಿಡೆಂಟನಾಗಿದ್ದ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಎಂಬಾತನು 19ನೆಯ ಶತಮಾನದ ಆದಿಯಲ್ಲಿ ಕಟ್ಟಿಸಿದ ಭವನದಿಂದ ಈ ಪ್ರದೇಶಕ್ಕೆ ಆ ಹೆಸರು ಬಂದಿತು. 1949ರಲ್ಲಿ ಅಲ್ಲಿಗೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಹಿಳಾ ಕಾಲೇಜು ಬಂದು ನೆಲೆಸಿತು. 2022ರಲ್ಲಿ ಅದೇ ಮಹಿಳಾ ವಿಶ್ವವಿದ್ಯಾಲಯವಾಯಿತು. ಆ ಭವನವು ಎದ್ದ ಕಾಲದಲ್ಲಿ ಇಲ್ಲಿ ಓಡಾಡುತ್ತಿದ್ದವು ಪಲ್ಲಕ್ಕಿ, ಕುದುರೆ, ಎತ್ತಿನ ಬಂಡಿಗಳು. ಬೈಸಿಕಲ್ಲು ಆಗ ಲೋಕದಲ್ಲಿಯೇ ಹುಟ್ಟಿರಲಿಲ್ಲ. ಅಂದಿನ ನಡಿಗೆಗೆ ಹುಟ್ಟಿದ ಸಂದುಗೊಂದುಗಳಲ್ಲಿ ಇಂದು ಬಸ್ಸು, ಆಟೋ, ಸ್ಕೂಟರು, ತಳ್ಳುಬಂಡಿ, ಹಳೆಯ ಪುಸ್ತಕ ಕೊಳ್ಳಲು ಬಂದ ಕಾಲೇಜು ಹುಡುಗರು, ಇವರೆಲ್ಲರ ನಡುವೆ ನೀವೂ ಸಾಗಬೇಕಾಗಿದೆ.

ನಾನು ಬೈಸಿಕಲ್ಲು ಕಲಿತದ್ದು ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತಂದ ದೊಡ್ಡ ಸೈಕಲ್ಲಿನ ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ ತುಳಿಯುತ್ತಿದ್ದೆವು. ಎದುರಿಗೆ ಬರುತ್ತಿದ್ದದ್ದು ಎಮ್ಮೆಗಳ ಹಿಂಡು ಮಾತ್ರ. ಎಮ್ಮೆಗೆ ಎಡಬಲಗಳ ಹಂಗಿಲ್ಲವಾದುದರಿಂದ ನಮಗೂ ಇರಲಿಲ್ಲ. ಅದೇ ಅಭ್ಯಾಸವನ್ನು ಹೊತ್ತು ಹೈದರಾಬಾದಿಗೆ ಬಂದೆನು. ಬಂದ ಮೊದಲ ತಿಂಗಳಲ್ಲಿಯೇ, ಸುಲ್ತಾನ್ ಬಜಾರಿನ ಹತ್ತಿರದ ಒಂದು ಏಕಮುಖ ಬೀದಿಯಲ್ಲಿ, ಸುತ್ತಿ ಬರುವ ಬೇಸರಕ್ಕಾಗಿ ಎದುರುಮುಖವಾಗಿ ನುಗ್ಗಿದೆ. ಬೀದಿಯನ್ನು ದಾಟುತ್ತಿದ್ದ ಒಬ್ಬ ಮುದುಕಿಯು ವಾಹನ ಬರತಕ್ಕ ದಿಕ್ಕನ್ನೇ ನೋಡುತ್ತಿದ್ದಳು. ನಾನು ಬಂದದ್ದು ಅವಳ ಬೆನ್ನ ಕಡೆಯಿಂದ. ಅವಳ ಬುಟ್ಟಿಯಲ್ಲಿದ್ದ ನಿಂಬೆಹಣ್ಣುಗಳು ಬೀದಿಯ ತುಂಬ ಉರುಳಿದವು. ಅವಳ ಮೊಣಕೈ ತರಚಿ ರಕ್ತ ಬಂದಿತು. ನಾನು ಹಣ್ಣುಗಳನ್ನು ಆಯ್ದು ಕೊಡುತ್ತಿದ್ದಾಗ ಅವಳು ನನ್ನನ್ನು ಬೈಯಲಿಲ್ಲ. "ಕಾಂ ಸೇ ಆಯೇ ಬೇಟಾ?" ಎಂದು ಕೇಳಿದಳು, ಅಷ್ಟೆ. ಎಲ್ಲಿಂದ ಬಂದೆ, ಮಗನೇ? ಊರಿನ ಹೆಸರು ಹೇಳಲು ನನಗೆ ನಾಚಿಕೆಯಾಯಿತು. ಆ ದಿನದಿಂದ ನಾನು ಏಕಮುಖ ಬೀದಿಯನ್ನು ಸುತ್ತಿಯೇ ಬರುತ್ತೇನೆ.

ಬೈಸಿಕಲ್ಲಿಗೆ ಕಾಯಿದೆ ಎಲ್ಲಿದೆ ಎಂದು ನಿಮ್ಮಲ್ಲಿ ಕೆಲವರು ನನ್ನನ್ನು ಕೇಳಿದ್ದುಂಟು. 1988ರ ಮೋಟಾರು ವಾಹನ ಕಾಯಿದೆಯು ಯಂತ್ರಬಲದಿಂದ ಓಡುವ ವಾಹನಗಳನ್ನು ಕುರಿತದ್ದು. ಕಾಲಿನಿಂದ ತುಳಿಯುವ ಸೈಕಲ್ಲಿಗೆ ಚಾಲನಾ ಪರವಾನಗಿ ಬೇಕಿಲ್ಲವೆಂಬುದು ನಿಜ. ಆದರೆ ಪರವಾನಗಿ ಬೇಡವೆಂದರೆ ನಿಯಮವೂ ಬೇಡವೆಂದು ಅರ್ಥವಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮು, ಸಾರ್ವಜನಿಕ ಮಾರ್ಗದಲ್ಲಿ ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ 'ಯಾವುದೇ ವಾಹನ'ವನ್ನು ನಡೆಸುವವನಿಗೆ ಆರು ತಿಂಗಳವರೆಗೆ ಸೆರೆವಾಸವನ್ನೋ, 1000 ರೂಪಾಯಿಗಳವರೆಗೆ ದಂಡವನ್ನೋ, ಎರಡನ್ನೂ ಕೂಡಿಯೋ ವಿಧಿಸಬಹುದೆನ್ನುತ್ತದೆ. 'ಮೋಟಾರು ವಾಹನ' ಎಂದು ಅಲ್ಲಿ ಹೇಳಿಲ್ಲವೆಂಬುದನ್ನು ಗಮನಿಸಿರಿ. ನಮ್ಮ ತಂದೆಯವರ ಕಾಲದಲ್ಲಿ ಅನೇಕ ಊರುಗಳಲ್ಲಿ ಸೈಕಲ್ಲಿಗೆ ಪ್ರತಿ ವರ್ಷ ತೆರಿಗೆ ಕಟ್ಟಿ ಬಿಲ್ಲೆ ಪಡೆಯಬೇಕಾಗಿತ್ತು. ರಾತ್ರಿ ದೀಪವಿಲ್ಲದೆ ಹೋದರೆ ಪೊಲೀಸಿನವರು ಹಿಡಿಯುತ್ತಿದ್ದರು. ಈಗ ಬಿಲ್ಲೆ ಹೋಯಿತು. ಕತ್ತಲೆ ಹೋಗಿಲ್ಲ.

ಈ ವಿಷಯದಲ್ಲಿ ಇಂಗ್ಲೆಂಡಿನ ಒಂದು ಹಳೆಯ ಮೊಕದ್ದಮೆಯನ್ನು ನೀವು ತಿಳಿದಿರುವುದು ಒಳ್ಳೆಯದು. 1835ರ ಅಲ್ಲಿನ ಹೆದ್ದಾರಿ ಕಾಯಿದೆಯು ಗಾಡಿಯನ್ನು ಅತಿವೇಗದಿಂದ ಓಡಿಸುವವನಿಗೆ ದಂಡ ವಿಧಿಸುತ್ತಿತ್ತು. ಸೈಕಲ್ಲನ್ನು ಬಿರುಸಾಗಿ ಓಡಿಸಿ ಸಿಕ್ಕಿಬಿದ್ದ ಒಬ್ಬನು, ತನ್ನದು ಗಾಡಿಯೇ ಅಲ್ಲವೆಂದು ವಾದಿಸಿದನು. 1879ರಲ್ಲಿ ನ್ಯಾಯಾಲಯವು ಅದೂ ಗಾಡಿಯೇ ಎಂದು ತೀರ್ಪಿತ್ತಿತು. 1888ರಲ್ಲಿ ಅಲ್ಲಿನ ಪಾರ್ಲಿಮೆಂಟು ಅದನ್ನೇ ಕಾನೂನಾಗಿ ಬರೆಯಿತು. ಆ ಸವಾರನು ಸೋತನೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಸೈಕಲ್ಲು ಗಾಡಿಯಾದ ಮೇಲೆ ಗಾಡಿಯ ದಾರಿಯಲ್ಲಿ ಅದಕ್ಕೂ ಪಾಲು ಬಂದಿತಷ್ಟೆ! ದಂಡ ತೆತ್ತವನೇ ಎಲ್ಲ ಸವಾರರಿಗೂ ಬೀದಿಯನ್ನು ಗೆದ್ದುಕೊಟ್ಟನು. 1968ರಲ್ಲಿ ವಿಯೆನ್ನಾ ನಗರದಲ್ಲಿ ಆದ ರಸ್ತೆ ಸಂಚಾರದ ಅಂತರರಾಷ್ಟ್ರೀಯ ಒಪ್ಪಂದವೂ ಸೈಕಲ್ಲನ್ನು ವಾಹನವೆಂದೇ ಎಣಿಸಿದೆ. ಒಂದು ಕೈಯಾದರೂ ಹಿಡಿಯ ಮೇಲಿರಬೇಕು, ಬೇರೆ ವಾಹನದಿಂದ ಎಳೆಯಿಸಿಕೊಂಡು ಹೋಗಕೂಡದು ಎಂದು ಅದರಲ್ಲಿ ಹೇಳಿದೆ. ಚಾದರಘಾಟ್ ಸೇತುವೆಯ ಮೇಲೆ ಲಾರಿಯ ಸರಪಳಿಗೆ ಜೋತುಬಿದ್ದು ಹೋಗುವ ವೀರರು ನಮ್ಮ ಶಾಲೆಯವರಲ್ಲವೆಂದು ನಂಬಿದ್ದೇನೆ.

ಎದುರುಮುಖವಾಗಿ ಹೋಗುವುದರಲ್ಲಿ ಏನು ಕೆಡುಕು, ಬರುವ ವಾಹನ ಕಣ್ಣಿಗೆ ಕಾಣುತ್ತದಲ್ಲ ಎಂಬ ವಾದವೊಂದುಂಟು. ಲೆಕ್ಕ ಮಾಡಿ ನೋಡೋಣ. ನೀವು ಗಂಟೆಗೆ 15 ಕಿಲೋಮೀಟರು, ಮೋಟಾರು 35 ಕಿಲೋಮೀಟರು ವೇಗದಲ್ಲಿವೆಯೆಂದಿರಲಿ. ಒಂದೇ ದಿಕ್ಕಿನಲ್ಲಿ ಸಾಗುವಾಗ ಅದು ನಿಮ್ಮನ್ನು ಸಮೀಪಿಸುವ ವೇಗ 20, ಎದುರುಬದುರಾದರೆ 50. ನಡುವೆ 28 ಮೀಟರು ಅಂತರವಿದ್ದರೆ, ಮೊದಲನೆಯದರಲ್ಲಿ ಚಾಲಕನಿಗೆ ಐದು ಸೆಕೆಂಡು ದೊರೆಯುತ್ತದೆ. ಎರಡನೆಯದರಲ್ಲಿ ಎರಡೇ ಸೆಕೆಂಡು. ಕಣ್ಣು ಕಂಡದ್ದನ್ನು ಕಾಲು ಬ್ರೇಕಿಗೆ ತಿಳಿಸುವಷ್ಟರಲ್ಲಿ ಒಂದು ಸೆಕೆಂಡು ಕಳೆದಿರುತ್ತದೆ. ಮಳೆಗಾಲದಲ್ಲಿ ಸೈಕಲ್ಲಿನ ಬಳೆ ಒದ್ದೆಯಾಗಿ ರಬ್ಬರು ಜಾರುವುದರಿಂದ ಕಷ್ಟ ಇನ್ನೂ ಹೆಚ್ಚು.

ಇವೆಲ್ಲಕ್ಕಿಂತ ಮುಖ್ಯವಾದ ಅಪಾಯವೊಂದಿದೆ. ಅದನ್ನು ಈ ವರ್ಷ ನಮ್ಮ ಅಂಗಳದಲ್ಲಿ ಮಾಡಿ ನೋಡಿದೆವು. ಒಬ್ಬ ಹುಡುಗನ ಸೈಕಲ್ಲಿನ ಎರಡು ಚಕ್ರಗಳಿಗೂ ನೀರು ಸುರಿದು, ಒಣನೆಲದ ಮೇಲೆ ಎಡಕ್ಕೆ ತಿರುಗಿಸಲು ಹೇಳಿದೆನು. ನೆಲದ ಮೇಲೆ ಎರಡು ಗೆರೆಗಳು ಮೂಡಿದವು. ಹಿಂದಿನ ಚಕ್ರದ ಗೆರೆ ಮುಂದಿನದಕ್ಕಿಂತ ಒಂದು ಗೇಣಿನಷ್ಟು ಒಳಗಿತ್ತು. ಮಕ್ಕಳಿಗೆ ಆಶ್ಚರ್ಯ, ಹಿಂದಿನ ಚಕ್ರವು ಮುಂದಿನದರ ಹೆಜ್ಜೆಯಲ್ಲಿಯೇ ಹೋಗುತ್ತದೆಂದು ಅವರು ತಿಳಿದಿದ್ದರು.

ಈಗ ಬಸ್ಸನ್ನು ತೆಗೆದುಕೊಳ್ಳಿ. ಅದರ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ 6 ಮೀಟರು, ಮುಂದಿನ ಗಾಲಿ ಸುತ್ತುವ ವೃತ್ತದ ತ್ರಿಜ್ಯ 10 ಮೀಟರು ಎಂದಿಟ್ಟುಕೊಳ್ಳೋಣ. ತಿರುವಿನ ಕೇಂದ್ರವು ಹಿಂದಿನ ಅಚ್ಚಿನ ನೇರದಲ್ಲಿರುವುದರಿಂದ ಅಲ್ಲೊಂದು ಲಂಬಕೋನ ತ್ರಿಭುಜವಾಗುತ್ತದೆ. ಕರ್ಣ 10, ಒಂದು ಭುಜ 6. ಪೈಥಾಗೊರಸನ ಪ್ರಮೇಯದಂತೆ ಉಳಿದ ಭುಜ 8. ಎಂದರೆ ಹಿಂದಿನ ಗಾಲಿ 2 ಮೀಟರು ಒಳಗೆ ಕೊರೆದುಕೊಂಡು ಬರುತ್ತದೆ. ಬಸ್ಸಿನ ಮುಂಭಾಗವು ನಿಮ್ಮನ್ನು ಮುಟ್ಟದೆ ದಾಟಿ ಹೋಯಿತೆಂದು ನೀವು ಧೈರ್ಯದಿಂದ ಎಡಬದಿಯಲ್ಲಿ ನಿಂತಿರುತ್ತೀರಿ. ಅಷ್ಟರಲ್ಲಿ ಹಿಂದಿನ ಗಾಲಿಯು ನೀವಿದ್ದ ಜಾಗಕ್ಕೇ ಬರುತ್ತದೆ. ನಮ್ಮ ದೇಶದಲ್ಲಿ ಚಾಲಕನು ಬಲಗಡೆ ಕುಳಿತಿರುವುದರಿಂದ ಎಡಬದಿಯ ಹಿಂಭಾಗವು ಅವನಿಗೆ ಕಾಣುವುದು ಬಹು ಕಷ್ಟ. ಕೋಠಿಯ ಬಸ್ ನಿಲ್ದಾಣದ ಬಳಿ ಎಡಗಡೆಗೆ ತಿರುಗಲಿರುವ ಬಸ್ಸನ್ನು ಕಂಡರೆ ಅದರ ಎಡಮಗ್ಗುಲಿಗೆ ಎಂದೂ ನುಸುಳಕೂಡದು. ಹಿಂದೆಯೇ ನಿಂತಿರಿ. ಶಾಲೆಗೆ ಐದು ನಿಮಿಷ ತಡವಾದರೆ ನಾನು ಬೆಂಚಿನ ಮೇಲೆ ನಿಲ್ಲಿಸುವುದಿಲ್ಲ; ಇದನ್ನು ಬರೆದೇ ಕೊಡುತ್ತಿದ್ದೇನೆ.

ಕಾಲುದಾರಿಯನ್ನೇರಿ ಹೋಗುವುದು ಉಪಾಯವಲ್ಲ. ಅದು ನಡೆಯುವವರದು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ಐದರಲ್ಲೊಂದು ಪಾಲು ಪಾದಚಾರಿಗಳು. ಆ ಮುದುಕಿಯ ನಿಂಬೆಹಣ್ಣುಗಳು ನೆನಪಾದಾಗಲೆಲ್ಲ ನನಗೆ ಈ ಲೆಕ್ಕವೂ ನೆನಪಾಗುತ್ತದೆ.

ಸೈಕಲ್ಲಿಗೆ ಬೇರೆ ದಾರಿಯನ್ನೇ ಕೊಟ್ಟರೆ ಹೇಗೆ? 2023ರ ಅಕ್ಟೋಬರಿನಲ್ಲಿ ಹೈದರಾಬಾದಿನ ಹೊರ ವರ್ತುಲ ರಸ್ತೆಯ ಬದಿಯಲ್ಲಿ, ಸೌರಫಲಕಗಳ ಮಾಡಿನ ಕೆಳಗೆ, 23 ಕಿಲೋಮೀಟರುಗಳ ಸೈಕಲ್ ಪಥವನ್ನು ತೆರೆದರು. ನಮ್ಮ ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಎಂಬ ಮುದ್ದಾದ ಹೆಸರಿನಿಂದ 450 ಸಾರ್ವಜನಿಕ ಸೈಕಲ್ಲುಗಳನ್ನು ಬೀದಿಗೆ ಬಿಟ್ಟರು. ಇವು ಸಂತೋಷದ ಸಂಗತಿಗಳು. ಆದರೆ ಹೊರ ವರ್ತುಲ ರಸ್ತೆಯ ಪಥವು ಕೋಠಿಯಿಂದ ಬಹುದೂರ. ಅಲ್ಲಿ ಹೆಚ್ಚಾಗಿ ವ್ಯಾಯಾಮಕ್ಕಾಗಿ ತುಳಿಯುತ್ತಾರೆ, ನೀವು ತುಳಿಯುವುದು ಪಾಠಕ್ಕಾಗಿ. ಬ್ಯಾಂಕ್ ಸ್ಟ್ರೀಟಿನಂಥ ಬೀದಿಗಳನ್ನು ಎಲ್ಲರೂ ಹಂಚಿಕೊಂಡೇ ಬಾಳಬೇಕು.

ಹಂಚಿಕೊಳ್ಳುವುದೆಂದರೆ ಮೋಟಾರಿನವರಿಗೂ ಪಾಲುಂಟು. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯು ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರು ಮೊದಲಾದವರ ವಿಷಯದಲ್ಲಿ ಚಾಲಕರು ವಿಶೇಷ ಎಚ್ಚರಿಕೆ ವಹಿಸತಕ್ಕದ್ದೆಂದು ವಿಧಿಸಿದೆ. ಫ್ರಾನ್ಸಿನಲ್ಲಿ ಸೈಕಲ್ಲನ್ನು ಹಿಂದಿಕ್ಕುವ ಮೋಟಾರು ಊರೊಳಗೆ 1 ಮೀಟರು, ಊರ ಹೊರಗೆ ಒಂದೂವರೆ ಮೀಟರು ದೂರ ಬಿಡಬೇಕೆಂಬ ಕಾನೂನೇ ಇದೆ. ಇಲ್ಲಿ ಅಷ್ಟು ಜಾಗವೆಲ್ಲಿ ಎಂದು ಕೇಳುವಿರಿ. ಜಾಗವಿಲ್ಲದಿದ್ದರೆ ಹಿಂದಿಕ್ಕದೆ ಇರುವ ಸ್ವಾತಂತ್ರ್ಯ ಅವರಿಗೆ ಉಂಟಲ್ಲವೆ?

ನಿಮ್ಮ ಮನೆಯಲ್ಲಿ ಕಾರು ನಡೆಸುವ ತಂದೆಯವರೋ ಮಾವನವರೋ ಇದ್ದರೆ ಅವರಿಗೆ ಇದೊಂದನ್ನು ವಿನಯದಿಂದ ತಿಳಿಸಿರಿ. ಕಾರನ್ನು ನಿಲ್ಲಿಸಿದ ಮೇಲೆ ಬಲಬದಿಯ ಬಾಗಿಲನ್ನು ಬಲಗೈಯಿಂದ ತೆರೆಯದೆ, ಎಡಗೈಯನ್ನು ಚಾಚಿ ತೆರೆಯಲಿ. ಹಾಗೆ ಚಾಚಿದಾಗ ಭುಜವು ತಾನಾಗಿ ತಿರುಗುತ್ತದೆ; ಭುಜದೊಡನೆ ಮುಖವೂ ಹಿಂದಕ್ಕೆ ತಿರುಗುತ್ತದೆ; ಹಿಂದಿನಿಂದ ಚೀಲ ಹೊತ್ತು ತುಳಿದು ಬರುತ್ತಿರುವ ನಮ್ಮ ಶಾಲೆಯ ಹುಡುಗನೋ ಹುಡುಗಿಯೋ ಆಗ ಅವರ ಕಣ್ಣಿಗೆ ಬೀಳುತ್ತಾರೆ.