ಊರಿಗೆ ಹೋಗದವರ ಬೇಸಿಗೆ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಮೇ ನಡುವೆ ಘಟಿಕೋತ್ಸವ ಮುಗಿದರೆ ಆಗಸ್ಟ್ ಅರ್ಧ ಕಳೆಯುವ ತನಕ ಕ್ಯಾಂಪಸ್ ಬಿಕೋ ಎನ್ನುತ್ತದೆ. ಹಾಸ್ಟೆಲ್‌ಗಳಿಗೆ ಬೀಗ, ಊಟದ ಹಾಲ್‌ಗಳು ಬಂದ್, ಬಸ್ಸು ಗಂಟೆಗೊಂದು. ನಾನು ಮಧ್ಯಪಶ್ಚಿಮದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸಾಂಸ್ಕೃತಿಕ ಕಾರ್ಯಕ್ರಮಗಳನ್ನು ನೋಡಿಕೊಳ್ಳುವವಳು. ಈ ತಿಂಗಳುಗಳಲ್ಲಿ ನಮಗೆ ಕೆಲಸವಿಲ್ಲ ಎಂದು ಉಳಿದ ವಿಭಾಗದವರ ನಂಬಿಕೆ. ನನ್ನನ್ನು ಕೇಳಿದರೆ ವರ್ಷದಲ್ಲಿ ನಿಜವಾಗಿ ಜನರಿಗಾಗಿ ಕಾರ್ಯಕ್ರಮ ಮಾಡುವುದು ಇದೊಂದೇ ಕಾಲ. ಉಳಿದಂತೆ ನಾವು ಮಾಡುವುದರಲ್ಲಿ ಅರ್ಧ ಫೋಟೋಗಾಗಿ. ಇದೇ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗಕ್ಕೆ ಬರಲಿ ಎಂದು ಕೆಲವು ಮಾತು.

1. ಯಾರು ಉಳಿದಿದ್ದಾರೆ ಎಂದು ಮೊದಲು ನೋಡಿ

ಇಂಟರ್ನ್‌ಶಿಪ್ ಸಿಕ್ಕ ಎಂಎಸ್ ಹುಡುಗರು ಊರು ಬಿಟ್ಟಿರುತ್ತಾರೆ. ದೀಪಾವಳಿಗೆ ವೇದಿಕೆ ತುಂಬಿಸಿದ ಬಾಲಿವುಡ್ ನೃತ್ಯ ತಂಡ ಈಗ ಸಿಯಾಟಲ್‌ನಲ್ಲೋ ಡಲ್ಲಾಸ್‌ನಲ್ಲೋ ಇರುತ್ತದೆ. ಉಳಿಯುವವರು ಲ್ಯಾಬ್ ಬಿಡಲಾಗದ ಪಿಎಚ್‌ಡಿಗಳು, ಬೇಸಿಗೆ ತರಗತಿಯವರು, ಟಿಕೆಟ್ಟಿಗೆ ದುಡ್ಡು ಹೊಂದಿಸಲಾಗದವರು. ಒಮ್ಮೆ ಹೋದರೆ ಮತ್ತೆ ವೀಸಾ ಸಿಗುತ್ತದೋ ಇಲ್ಲವೋ ಎಂದು ಹೆದರಿ ಕೂತವರೂ ಇದ್ದಾರೆ. ಇರಾನಿನ ಹುಡುಗರು ಓದು ಮುಗಿಯುವವರೆಗೂ ತಂದೆತಾಯಿಯ ಮುಖ ನೋಡದೆ ಇರುವುದುಂಟು.

ಎಲ್ಲರೂ ಮರೆಯುವ ಇನ್ನೊಂದು ಗುಂಪು ವಿದ್ಯಾರ್ಥಿಗಳ ಹೆಂಡತಿ ಮಕ್ಕಳದು. ಎಫ್-2 ವೀಸಾದಲ್ಲಿ ಬಂದವರು ಕೆಲಸ ಮಾಡುವಂತಿಲ್ಲ. ಜೂನ್‌ನಲ್ಲಿ ಮಕ್ಕಳಿಗೆ ಶಾಲೆಯೂ ಇಲ್ಲ. ಇವರನ್ನು ವಿದ್ಯಾರ್ಥಿ ಭವನದ ಎಸಿ ಹಾಲ್‌ಗೆ ಬನ್ನಿ ಎಂದರೆ ಬರುವುದಿಲ್ಲ. ಬಸ್ಸು ಅಪರೂಪ, ಕೈಗೂಸನ್ನು ಎತ್ತಿಕೊಂಡು ಎಲ್ಲಿಗೆ ಬರುತ್ತಾರೆ? ಕಾರ್ಯಕ್ರಮವೇ ಅವರ ಅಪಾರ್ಟ್‌ಮೆಂಟಿನ ಜಾರುಬಂಡೆಯ ಹತ್ತಿರ ಹೋಗಬೇಕು. ಹಾಸನದ ಕಡೆಯ ಒಬ್ಬರು ನನಗೆ, "ಅಕ್ಕಾ, ಸ್ಟೇಜು ಗೀಜು ಬೇಡ, ಈ ಕಾಂಕ್ರೀಟ್ ಮೇಲೆ ರಂಗೋಲಿ ಹಾಕ್ತೀನಿ, ಸಾಕಲ್ವಾ?" ಅಂದರು. ಅವರು ಹಿಟ್ಟು ಉದುರಿಸಿ ಚುಕ್ಕಿ ಇಡುತ್ತಿದ್ದರೆ, ಪಕ್ಕದ ಮನೆಯ ಬಾಂಗ್ಲಾದೇಶದ ಹೆಂಗಸು ಬಟ್ಟಲಲ್ಲಿ ಅಕ್ಕಿಹಿಟ್ಟು ಕಲಸಿ ತಂದು, ಬಟ್ಟೆ ಚೂರು ಅದ್ದಿ ಬೆರಳಿನಿಂದ ಇಳಿಬಿಡುತ್ತ ಆಲ್ಪನಾ ಬರೆದರು. ಒಬ್ಬರದು ಚುಕ್ಕಿ ಲೆಕ್ಕ, ಇನ್ನೊಬ್ಬರದು ಲೆಕ್ಕವೇ ಇಲ್ಲದ ಬಳ್ಳಿ. ಮಕ್ಕಳು ನಡುವೆ ಸೀಮೆಸುಣ್ಣದಲ್ಲಿ ಡೈನೋಸಾರ್ ಬರೆದರು. ಅದಕ್ಕೆ ಖರ್ಚಾದದ್ದು ಒಂದು ಚೀಲ ಅಕ್ಕಿಹಿಟ್ಟಿನ ದುಡ್ಡು.

2. ಗೋಡೆಯ ಕ್ಯಾಲೆಂಡರ್ ಒಂದನ್ನೇ ನಂಬಬೇಡಿ

ಇಸ್ಲಾಮೀ ವರ್ಷ ಶುದ್ಧ ಚಾಂದ್ರಮಾನದ್ದು. ಹಬ್ಬಗಳು ವರ್ಷವರ್ಷವೂ ಸುಮಾರು 11 ದಿನ ಹಿಂದೆ ಸರಿಯುತ್ತವೆ. ಬಕ್ರೀದ್ ಇಲ್ಲಿ 2024ರಲ್ಲಿ ಜೂನ್ 16ಕ್ಕಿತ್ತು, 2025ರಲ್ಲಿ ಜೂನ್ 6ಕ್ಕೆ ಬಂತು. ಚಂದ್ರದರ್ಶನದ ಬಗ್ಗೆ ಯಾವ ಪ್ರಕಟಣೆಯನ್ನು ಅನುಸರಿಸುತ್ತಾರೆ ಎನ್ನುವುದರ ಮೇಲೆ ಒಂದು ದಿನ ಆಚೆ ಈಚೆ ಆಗುತ್ತದೆ. ಆದ್ದರಿಂದ ನಮಾಜಿನ ಹಾಲನ್ನು ಎರಡು ದಿನಕ್ಕೂ ಕಾಯ್ದಿರಿಸಿ, ಬೇಡವಾದದ್ದನ್ನು ಬಿಟ್ಟುಕೊಡಿ. ಮೊಹರಂನ ಹತ್ತನೇ ದಿನ ಶಿಯಾಗಳಿಗೆ ಶೋಕದ ದಿನ. 2025ರಲ್ಲಿ ಅದು ಜುಲೈ ಮೊದಲ ವಾರ, ಅಮೆರಿಕದ ಸ್ವಾತಂತ್ರ್ಯೋತ್ಸವದ ಪಟಾಕಿಗಳ ಬೆನ್ನಿಗೇ ಬಂತು. ಆ ಸಂಜೆ ಇರಾನಿ ಸಂಗೀತಗಾರರನ್ನು ಕರೆದು 'ನುಡಿಸಿ' ಅನ್ನಬಾರದು.

ಚೀನೀಯರ ಪಂಚಾಂಗದಲ್ಲಿ ನಮ್ಮಂತೆಯೇ ಅಧಿಕಮಾಸ ಉಂಟು. ಅದಕ್ಕೇ ಅವರ ಐದನೇ ತಿಂಗಳ ಐದನೇ ದಿನದ ಡ್ರ್ಯಾಗನ್ ದೋಣಿ ಹಬ್ಬ 2025ರಲ್ಲಿ ಮೇ 31, 2026ರಲ್ಲಿ ಜೂನ್ 19. ಆ ಜೂನ್ 19 ಜೂನ್‌ಟೀಂತ್ ಕೂಡ ಹೌದು. ಅದರ ವಿಷಯಕ್ಕೇ ಬರುತ್ತೇನೆ.

3. ಊರಲ್ಲಿ ಈಗಾಗಲೇ ನಡೆಯುವ ಹಬ್ಬಕ್ಕೆ ಪೈಪೋಟಿ ಕೊಡಬೇಡಿ

ಲಿಂಕನ್ ವಿಮೋಚನಾ ಘೋಷಣೆ ಹೊರಡಿಸಿದ್ದು 1863ರ ಜನವರಿ 1ರಂದು. ಟೆಕ್ಸಾಸಿನ ಗ್ಯಾಲ್ವೆಸ್ಟನ್‌ಗೆ ಸೇನೆ ಬಂದು ಗುಲಾಮರೆಲ್ಲ ಸ್ವತಂತ್ರರು ಎಂದು ಸಾರಿದ್ದು 1865ರ ಜೂನ್ 19ಕ್ಕೆ. ಕಪ್ಪು ಜನರ ಕುಟುಂಬಗಳು, ಚರ್ಚುಗಳು ಅಂದಿನಿಂದ ಜೂನ್‌ಟೀಂತ್ ಎಂದು ಆಚರಿಸಿಕೊಂಡು ಬಂದ ಈ ದಿನ ಇಡೀ ದೇಶದ ರಜೆಯಾದದ್ದು 2021ರಲ್ಲಿ. ಆಮೇಲೆ ಎಲ್ಲ ವಿಶ್ವವಿದ್ಯಾಲಯಗಳಿಗೂ ಅದರ ಮೇಲೆ ಪ್ರೀತಿ ಉಕ್ಕಿತು. ಊರಿನ ಚರ್ಚಿನವರು ದಶಕಗಳಿಂದ ಪಾರ್ಕಿನಲ್ಲಿ ಮಾಡುವ ಹಬ್ಬಕ್ಕೆ ಎದುರಾಗಿ, ಕ್ಯಾಂಪಸ್ಸಿನಲ್ಲಿ ಒಂದು ಟೆಂಟು, ಒಬ್ಬ ಡೀನ್, ಒಂದು ಭಾಷಣ. ನನ್ನ ಅಭಿಪ್ರಾಯದಲ್ಲಿ ಇದು ಸುಮ್ಮನೆ ಸಣ್ಣತನ. ಆ ದುಡ್ಡಿನಲ್ಲಿ ಬಸ್ಸು ಮಾಡಿ, ಹುಡುಗರನ್ನು ಪಾರ್ಕಿಗೆ ಕರೆದುಕೊಂಡು ಹೋಗಿ. ಹೊರಡುವ ಮುಂಚೆ ಹತ್ತು ನಿಮಿಷ ಇತಿಹಾಸ ಹೇಳಿ, ಏಕೆಂದರೆ ನಮ್ಮ ಕಡೆಯಿಂದ ಬಂದವರಿಗೆ ಅಬ್ರಹಾಂ ಲಿಂಕನ್ ಆಚೆ ಏನೂ ಗೊತ್ತಿರುವುದಿಲ್ಲ. ಅಲ್ಲಿ ಕೊಡುವ ಕೆಂಪು ಸೋಡಾ, ಕಲ್ಲಂಗಡಿ ಯಾಕೆ ಕೆಂಪು ಎಂದು ನೀವು ವಿವರಿಸಬೇಡಿ. ಅಲ್ಲಿನ ಅಜ್ಜಿಯರನ್ನು ಕೇಳಲಿ. ಅವರು ಚೆನ್ನಾಗಿ ಹೇಳುತ್ತಾರೆ.

4. ಅಡುಗೆಮನೆಯ ಕಾನೂನು ಬಾಯಿಪಾಠವಿರಲಿ

ಮನೆಯಲ್ಲಿ ಮಾಡಿ ತಂದ ಬಿಸಿಬೇಳೆ ಭಾತನ್ನು ಸಾರ್ವಜನಿಕ ಕಾರ್ಯಕ್ರಮದಲ್ಲಿ ಬಡಿಸಲು ಹೆಚ್ಚಿನ ಕಡೆ ಬಿಡುವುದಿಲ್ಲ. ಪರವಾನಗಿ ಇರುವ ಅಡುಗೆಮನೆಯಲ್ಲೇ ಆಗಬೇಕು. ಬಿಸಿ ಪದಾರ್ಥ 57 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗಿನದು 5ಕ್ಕಿಂತ ಕೆಳಗೆ ಇರಬೇಕು. ಇನ್‌ಸ್ಪೆಕ್ಟರ್ ಬಂದು ಮೊಸರನ್ನದ ಪಾತ್ರೆಗೆ ಥರ್ಮಾಮೀಟರ್ ಚುಚ್ಚಿ ಮುಖ ನೋಡುತ್ತಾರೆ. ಮೊಸರನ್ನವನ್ನು ಯಾರೂ ಫ್ರಿಜ್ಜಿನಲ್ಲಿಟ್ಟು ತಿನ್ನುವುದಿಲ್ಲ ಎಂದು ವಾದಿಸಿ ಪ್ರಯೋಜನವಿಲ್ಲ, ಕೆಳಗೆ ಐಸ್ ಇಡಿ. ವಿದ್ಯಾರ್ಥಿ ಭವನದ ಅಡುಗೆಯವರು ಬೇಸಿಗೆಯಲ್ಲಿ ಬಿಡುವಾಗಿರುತ್ತಾರೆ. ಬೆಳಿಗ್ಗೆ ಎಂಟಕ್ಕೆ ನಮ್ಮ ಹೆಂಗಸರನ್ನು ಅವರ ಜೊತೆ ಒಳಗೆ ಬಿಟ್ಟರೆ, ಅವರ ಸ್ಟೀಮರಿನಲ್ಲೇ ಇಡ್ಲಿ ಬೇಯುತ್ತದೆ.

ಚೀಟಿಯಲ್ಲಿ 'ಸಸ್ಯಾಹಾರ' ಎಂದಷ್ಟೇ ಬರೆದರೆ ಆಗದು. ಥಾಯ್ ಅಡುಗೆಯಲ್ಲಿ ಮೀನಿನ ಸಾಸ್, ಮಾರ್ಷ್‌ಮೆಲ್ಲೊದಲ್ಲಿ ಜೆಲಾಟಿನ್, ಕೇಕಿನಲ್ಲಿ ಮೊಟ್ಟೆ. ಏನೇನು ಹಾಕಿದೆ ಎಂದೇ ಬರೆಯಿರಿ; ತಿನ್ನುವುದೋ ಬಿಡುವುದೋ ಅವರವರು ನೋಡಿಕೊಳ್ಳುತ್ತಾರೆ.

5. ಕಲಾವಿದರ ವೀಸಾ ನೋಡದೆ ಸಂಭಾವನೆಯ ಮಾತಾಡಬೇಡಿ

ಊರಲ್ಲಿ ಒಳ್ಳೆಯ ಭರತನಾಟ್ಯ ಕಲಾವಿದೆ ಇದ್ದಾರೆ, ಹಗಲು ಸಾಫ್ಟ್‌ವೇರ್ ಕೆಲಸ. ಎಚ್-1ಬಿ ವೀಸಾದವರು ತಮ್ಮ ಕಂಪನಿ ಬಿಟ್ಟು ಬೇರೆಯವರಿಂದ ಸಂಭಾವನೆ ಪಡೆಯುವಂತಿಲ್ಲ. ಪಕ್ಕದ ವಿಶ್ವವಿದ್ಯಾಲಯದ ಎಫ್-1 ವಿದ್ಯಾರ್ಥಿಗೂ ಹಾಗೇ ಚೆಕ್ ಬರೆಯಲಾಗದು. ನೀವು ಪ್ರೀತಿಯಿಂದ ಕೊಟ್ಟ ಸಣ್ಣ ಮೊತ್ತ ಅವರ ಗ್ರೀನ್‌ಕಾರ್ಡ್ ಫೈಲಿನಲ್ಲಿ ತಲೆನೋವಾಗಬಹುದು. ಬಿ-1 ವೀಸಾದಲ್ಲಿ ಬಂದ ವಿದ್ವಾಂಸರಿಗೆ ಮಾತ್ರ ಒಂದು ಸಡಿಲಿಕೆ ಇದೆ: ಒಂದು ಸಂಸ್ಥೆಯಲ್ಲಿ 9 ದಿನ ಮೀರದೆ, ಆರು ತಿಂಗಳಲ್ಲಿ 5 ಸಂಸ್ಥೆ ಮೀರದೆ ಗೌರವಧನ ಪಡೆಯಬಹುದು.

ನಮ್ಮ ಯಕ್ಷಗಾನಕ್ಕೆ ಅಮೆರಿಕದ ಬೇಸಿಗೆ ಹೇಳಿ ಮಾಡಿಸಿದ ಕಾಲ. ಮೇ ಕೊನೆಯ ವಾರ ಪತ್ತನಾಜೆಗೆ ಕರಾವಳಿಯ ಮೇಳಗಳು ಗೆಜ್ಜೆ ಬಿಚ್ಚುತ್ತವೆ; ಮಳೆಗಾಲವಿಡೀ ಕಲಾವಿದರಿಗೆ ಬಿಡುವು. ಕನ್ನಡ ಕೂಟಗಳು ತಂಡಗಳನ್ನು ಕರೆಸುವುದು ಆಗಲೇ. ಇಂಥ ವಿಶಿಷ್ಟ ಸಂಸ್ಕೃತಿಯ ಕಲೆಗಳಿಗೆಂದೇ ಪಿ-3 ಎಂಬ ವೀಸಾ ಇದೆ. ಕೂಟದವರು ಅರ್ಜಿ ಹಾಕುವಾಗಲೇ ನಿಮ್ಮ ಕ್ಯಾಂಪಸ್ಸನ್ನೂ ಪ್ರವಾಸದ ಪಟ್ಟಿಗೆ ಸೇರಿಸಲು ಹೇಳಿ, ಅಂದರೆ ಹಿಂದಿನ ಚಳಿಗಾಲದಲ್ಲೇ. ಮತ್ತೆ, ಚೌಕಿಯನ್ನು, ಅಂದರೆ ಬಣ್ಣ ಹಚ್ಚುವ ಕೋಣೆಯನ್ನು, ಮುಚ್ಚಿಡಬೇಡಿ. ಬಣ್ಣದ ವೇಷದವರು ಕನ್ನಡಿ ಮುಂದೆ ಕೂತು ಮುಖದ ಮೇಲೆ ಅಕ್ಕಿಹಿಟ್ಟಿನ ಚುಟ್ಟಿಯನ್ನು ಒಂದೊಂದೇ ಮುಳ್ಳಾಗಿ ಎಬ್ಬಿಸುವುದನ್ನು ಎಂಜಿನಿಯರಿಂಗ್ ಹುಡುಗರು ಉಸಿರು ಬಿಗಿಹಿಡಿದು ನೋಡುತ್ತಾರೆ. ಪ್ರಸಂಗಕ್ಕಿಂತ ಅದನ್ನೇ ಹೆಚ್ಚು ನೆನಪಿಟ್ಟುಕೊಂಡವರಿದ್ದಾರೆ. ರಾಳ ಎಸೆದು ಬೆಂಕಿ ಎಬ್ಬಿಸುವುದು ಮಾತ್ರ ಬೇಡವೆಂದು ಭಾಗವತರಿಗೆ ಮೊದಲೇ ತಿಳಿಸಿ. ಹೊಗೆ ಅಲಾರಂ ಬಡಿದರೆ ಇಡೀ ಕಟ್ಟಡ ಖಾಲಿ ಮಾಡಬೇಕು, ಮಹಿಷಾಸುರನೂ ಸೇರಿ.

6. ಸಿನಿಮಾ ಮತ್ತು ಸಿಡಿಲು

ನಿಮ್ಮ ಸ್ವಂತ ನೆಟ್‌ಫ್ಲಿಕ್ಸ್ ಖಾತೆಯಿಂದ ಹುಲ್ಲುಹಾಸಿನ ಮೇಲೆ ಸಿನಿಮಾ ತೋರಿಸುವಂತಿಲ್ಲ, ಸಾರ್ವಜನಿಕ ಪ್ರದರ್ಶನದ ಹಕ್ಕು ಬೇರೆಯೇ ಕೊಳ್ಳಬೇಕು. ಗುಡುಗು ಕೇಳಿದರೆ ಎಲ್ಲರೂ ಒಳಗೆ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆದ ಮೇಲೆಯೇ ಹೊರಗೆ. ಹತ್ತಿರ ಒಂದು ಒಳಾಂಗಣ ಕಾಯ್ದಿರಿಸದೆ ಜುಲೈಯಲ್ಲಿ ಬಯಲು ಕಾರ್ಯಕ್ರಮ ಇಡಬೇಡಿ.

7. ಕಾನೂನು ಬದಲಾದರೂ ಹಬ್ಬ ನಿಲ್ಲಬೇಕಿಲ್ಲ

ಟೆಕ್ಸಾಸಿನ ಸೆನೆಟ್ ಬಿಲ್ 17, 2024ರ ಜನವರಿ 1ರಿಂದ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳ ವೈವಿಧ್ಯ ಕಚೇರಿಗಳನ್ನು ಮುಚ್ಚಿಸಿತು. ಯೂಟಾದ ತನ್ನದೇ ಕಾನೂನು 2024ರ ಜುಲೈಯಲ್ಲಿ ಜಾರಿಗೆ ಬಂತು. ಬೇರೆ ರಾಜ್ಯಗಳ ನಮ್ಮಂಥವರೂ ಬಾಗಿಲ ಮೇಲಿನ ಬೋರ್ಡ್ ಬದಲಿಸಿದ್ದೇವೆ. ಟೆಕ್ಸಾಸಿನ ಕಾನೂನು ವಿದ್ಯಾರ್ಥಿ ಸಂಘಗಳ ಚಟುವಟಿಕೆಯನ್ನು ಹೊರಗಿಟ್ಟಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಹೆದರಿದ ಅಧಿಕಾರಿಗಳು ಕಾನೂನು ಕೇಳಿದ್ದಕ್ಕಿಂತ ಹೆಚ್ಚೇ ಮುಚ್ಚುತ್ತಾರೆ; ನನಗೆ ಸಿಟ್ಟು ಬರುವುದು ಅಲ್ಲಿ. ಹಬ್ಬವನ್ನು ಸಂಘವೇ ನಡೆಸಲಿ, ಎಲ್ಲರಿಗೂ ಬಾಗಿಲು ತೆರೆದಿದೆ ಎಂದು ಪೋಸ್ಟರಿನಲ್ಲಿ ಇರಲಿ. ಆದರೆ ಸಂಘದ ಪದಾಧಿಕಾರಿಗಳೆಲ್ಲ ಬೇಸಿಗೆಗೆ ಊರು ಬಿಟ್ಟರೆ ಹಾಲ್ ಅರ್ಜಿಗೆ ಸಹಿ ಹಾಕುವವರು ಇರುವುದಿಲ್ಲ. ಊರಲ್ಲೇ ಇರುವ ಒಬ್ಬರನ್ನು ಏಪ್ರಿಲ್‌ನಲ್ಲೇ ಖಜಾಂಚಿ ಮಾಡಿಸಿ. ಜೂನ್ 30ಕ್ಕೆ ಹಣಕಾಸು ವರ್ಷ ಮುಗಿಯುವುದರಿಂದ ಹಳೆಯ ಬಿಲ್ಲುಗಳೂ ಅವರಿಂದಲೇ ಸಾಗಬೇಕು.

8. ಆಗಸ್ಟ್ ನಡುವಿನ ವಾರ

14 ಪಾಕಿಸ್ತಾನದ ಸ್ವಾತಂತ್ರ್ಯ ದಿನ, 15 ನಮ್ಮದು. 1945ರಲ್ಲಿ ಜಪಾನಿನಿಂದ ಬಿಡುಗಡೆಯಾದ ಕೊರಿಯಾದವರಿಗೂ 15ನೇ ತಾರೀಖೇ. ಬಾವುಟ ಯಾರದು ಎತ್ತರ ಎಂಬ ಜಗಳಕ್ಕೆ ಎಡೆ ಕೊಡದೆ ಆ ವಾರಾಂತ್ಯ ಟೆನಿಸ್ ಬಾಲ್ ಕ್ರಿಕೆಟ್ ಇಡಿ, ತಂಡಗಳನ್ನು ಚೀಟಿ ಎತ್ತಿ ಮಾಡಿ. ಹೊಸ ವಿದ್ಯಾರ್ಥಿಗಳು ವಿಮಾನ ಇಳಿದು ಬರುವ ವಾರವೂ ಅದೇ. ಅವರಿಗೆ ರಾತ್ರಿ ಎಂಟಕ್ಕೇ ಕಣ್ಣು ಎಳೆಯುತ್ತದೆ, ಆದ್ದರಿಂದ ಎಲ್ಲ ಸಂಜೆ ಏಳರೊಳಗೆ ಮುಗಿಯಲಿ. ಪದವಿ ಮುಗಿಸಿ ಹೋದವರು ಬಿಟ್ಟ ಪಾತ್ರೆ, ಟೇಬಲ್ ಲ್ಯಾಂಪ್, ಚಳಿಯ ಕೋಟುಗಳನ್ನು ಮೈದಾನದ ಅಂಚಿನಲ್ಲಿ ಹರಡಿ, ಬೇಸಿಗೆಯಿಡೀ ಉಳಿದವರನ್ನೇ ಅಲ್ಲಿ ಕೂರಿಸಿ. ಯಾವ ಬಸ್ಸು ಭಾರತೀಯ ಅಂಗಡಿಗೆ ಹೋಗುತ್ತದೆ, ಯಾವ ಮನೆ ಮಾಲೀಕ ಮುಂಗಡ ವಾಪಸ್ ಕೊಡುವುದಿಲ್ಲ ಎಂದು ಅವರಿಗೆ ಗೊತ್ತು. ಕುಕ್ಕರುಗಳು ಮೊದಲ ಅರ್ಧ ಗಂಟೆಯಲ್ಲೇ ಖಾಲಿ. ಅವುಗಳ ಗ್ಯಾಸ್ಕೆಟ್ ಇದೆಯೋ ಇಲ್ಲವೋ ಎಂದು ಹಿಂದಿನ ದಿನವೇ ನೋಡಿಟ್ಟಿರಿ.