ಖಾಡಿಗೆ ಇಳಿಯುವ ಮೊದಲು: ಮಾಡಬೇಕಾದ್ದು, ಮಾಡಬಾರದ್ದು

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯಲ್ಲಿ ನೆಲೆಸಿ, ರಜೆ ಸಿಕ್ಕಾಗ ಮಕ್ಕಳನ್ನೂ ಊರಿಂದ ಬಂದ ನೆಂಟರನ್ನೂ ಕರೆದುಕೊಂಡು ದೋಣಿ ಹತ್ತುವ ಎಲ್ಲ ಕನ್ನಡ ಮನೆಗಳವರ ಗಮನಕ್ಕೆ.

ನಮ್ಮಲ್ಲಿ ಬಹಳ ಮಂದಿ ಕರಾವಳಿ ಮೂಲದವರು. ನೇತ್ರಾವತಿಯಲ್ಲೋ ಸ್ವರ್ಣೆಯಲ್ಲೋ ಈಜು ಕಲಿತವರು, ಕಡವಿನ ದೋಣಿ ದಾಟಿ ಶಾಲೆಗೆ ಹೋದವರು. ‘ನೀರು ನಮಗೇನು ಹೊಸದೇ?’ ಎಂಬ ಧೈರ್ಯ ಅವರಿಗೆ ಸಹಜ. ಆ ಧೈರ್ಯವನ್ನು ಇಲ್ಲಿ ಬದಿಗಿಡಬೇಕು. ಮಂಗಳೂರು, ಮಲ್ಪೆಯ ಕಡೆ ಭರತಕ್ಕೂ ಇಳಿತಕ್ಕೂ ನಡುವಿನ ಅಂತರ ಒಂದೂವರೆ ಮೀಟರಿನ ಆಸುಪಾಸು. ಮುಂಬಯಿ ಬಂದರಿನಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ದಿನಗಳಲ್ಲಿ ಅದು ನಾಲ್ಕು ಮೀಟರ್ ದಾಟುತ್ತದೆ. ವರ್ಷದಲ್ಲಿ ಕೆಲವು ದಿನ ಐದರ ಹತ್ತಿರಕ್ಕೂ ಹೋಗುತ್ತದೆ. ಬೆಳಿಗ್ಗೆ ದೋಣಿ ಸರಾಗ ತೇಲಿದ ಜಾಗದಲ್ಲಿ ಸಂಜೆ ಬರೀ ಕೆಸರು. ಈ ಸೂಚನೆಯ ಬಹುಪಾಲು ಆ ಒಂದು ವ್ಯತ್ಯಾಸದ ಸುತ್ತಲೇ ಇದೆ.

ನೀರಿನ ಹೊತ್ತು ನೋಡಿ ಹೊರಡಿ, ನಿಮ್ಮ ಹೊತ್ತು ನೋಡಿ ಅಲ್ಲ.

ಭರತ-ಇಳಿತದ ಪಟ್ಟಿ ಇಂದು ಮೊಬೈಲಿನಲ್ಲೇ ಸಿಗುತ್ತದೆ. ಅದು ಸಿಗದಿದ್ದರೂ ಅಡುಗೆಮನೆಯ ಗೋಡೆಯ ಪಂಚಾಂಗ ಸಾಕು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಮುಂಬಯಿ ಬಂದರಿನ ಭರತ ಮಧ್ಯಾಹ್ನ ಹನ್ನೆರಡು-ಒಂದರ ಸುಮಾರಿಗೆ ತುಂಬುತ್ತದೆ, ಸಂಜೆ ಆರು-ಏಳಕ್ಕೆ ಪೂರ್ತಿ ಇಳಿದಿರುತ್ತದೆ. ಅಲ್ಲಿಂದ ಮುಂದೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಲೆಕ್ಕ ತಿರುಗಿ, ನಡುಮಧ್ಯಾಹ್ನವೇ ನೀರು ಕೆಳಗಿರುತ್ತದೆ. ಆದರೆ ಆಗ ಏರಿಳಿತದ ಜೋರು ಕಡಿಮೆ. ಖಾಡಿಯ ಒಳಕ್ಕೆ ಹೋದಷ್ಟೂ ಈ ಸಮಯಗಳು ಇನ್ನಷ್ಟು ಹಿಂದೆ ಬೀಳುತ್ತವೆ. ಆದ್ದರಿಂದ ಬಂದರಿನ ಪಟ್ಟಿಯನ್ನು ಹಿಡಿದುಕೊಂಡು ಐರೋಲಿಯಲ್ಲೋ ಕಲ್ಯಾಣದಲ್ಲೋ ವಾದ ಮಾಡಬೇಡಿ. ಆ ಧಕ್ಕೆಯ ಸಮಯ ಆ ಧಕ್ಕೆಯವರನ್ನೇ ಕೇಳಿ.

ಇನ್ನೊಂದು ಲೆಕ್ಕ ಬಾಯಿಪಾಠ ಮಾಡಿಕೊಳ್ಳಿ. ನೀರು ಇಳಿಯುವ ಆರು ಗಂಟೆಗಳಲ್ಲಿ ಒಟ್ಟು ಇಳಿತವನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಹೋಗುವುದು ಒಂದೇ ಪಾಲು, ಎರಡನೆಯದರಲ್ಲಿ ಎರಡು. ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು ಪಾಲು ಹೋಗುತ್ತದೆ. ಅಂದರೆ ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಖಾಲಿ. ನಾಲ್ಕೂವರೆ ಮೀಟರಿನ ದಿನವಾದರೆ ಆಳು ಮುಳುಗುವಷ್ಟು ನೀರು. ಹುಣ್ಣಿಮೆಯ ಭಾನುವಾರ ಊಟ ಮುಗಿಸಿ ಮೂರು ಗಂಟೆಗೆ ಹೊರಡೋಣ ಎನ್ನುವವರು ಸರಿಯಾಗಿ ಆ ಇಳಿತದ ಬಾಯಿಗೇ ಹೋಗಿ ಬೀಳುತ್ತಾರೆ.

‘ಇನ್ನು ಹತ್ತೇ ನಿಮಿಷ’ ಎಂದು ತಾಂಡೇಲನ ಬೆನ್ನು ಹತ್ತಬಾರದು.

ದೋಣಿ ನಡೆಸುವವನು ತಿರುಗೋಣ ಎಂದರೆ ತಿರುಗಬೇಕು. ಹಣ ಕೊಟ್ಟಿದ್ದೇವೆ, ಫೋಟೊ ಆಗಿಲ್ಲ, ಅಜ್ಜಿ ಇನ್ನೂ ಪಕ್ಷಿ ನೋಡಿಲ್ಲ ಎಂಬ ಯಾವ ಮಾತೂ ಅಲ್ಲಿ ನಡೆಯಬಾರದು. ದಿವಾಳೆ, ಸಾರಸೋಳೆಯಂಥ ಊರುಗಳ ಕೋಳಿ ಸಮುದಾಯದವರು ತಲೆಮಾರುಗಳಿಂದ ಈ ಖಾಡಿಯಲ್ಲಿ ಬಲೆ ಬೀಸಿದವರು. ಎಲ್ಲಿ ದಿಬ್ಬ, ಎಲ್ಲಿ ಗೂಟ, ಯಾವ ಸೇತುವೆಯ ಕಂಬದ ಪಕ್ಕ ಸುಳಿ ಎಂಬುದು ಅವರಿಗೆ ಗೊತ್ತು. ಬಾಡಿಗೆ ಮಾತಾಡುವಾಗಲೇ ‘ಎಷ್ಟಕ್ಕೆ ಮರಳುತ್ತೇವೆ?’ ಎಂದು ಕೇಳಿ, ಆ ಹೊತ್ತನ್ನು ದಡದಲ್ಲಿರುವ ಒಬ್ಬರಿಗೆ ತಿಳಿಸಿ. ಸೂರ್ಯಾಸ್ತದ ನಂತರ ಖಾಡಿಯಲ್ಲಿ ಇರಲೇಬಾರದು.

ದೋಣಿ ಕೆಸರಿನಲ್ಲಿ ಕೂತರೆ ಇಳಿಯಬಾರದು.

ದಡ ಕಣ್ಣೆದುರೇ ಕಾಣುತ್ತಿರುತ್ತದೆ, ಇಷ್ಟೇ ತಾನೇ ಎಂದು ಯಾರೋ ಒಬ್ಬರು ಪ್ಯಾಂಟು ಮಡಚುತ್ತಾರೆ. ತಡೆಯಿರಿ. ಈ ಕೆಸರು ಮೇಲೆ ನುಣುಪಾಗಿ ಹೊಳೆಯುತ್ತದೆ, ಕಾಲಿಟ್ಟರೆ ಮೊಣಕಾಲು ದಾಟಿ ಒಳಗೆ ಹೋಗುತ್ತದೆ. ಒಂದು ಕಾಲು ಕೀಳಲು ಇನ್ನೊಂದರ ಮೇಲೆ ಭಾರ ಹಾಕಿದಷ್ಟೂ ಅದೂ ಹೂತುಕೊಳ್ಳುತ್ತದೆ. ಅದರೊಳಗೆ ಒಡೆದ ಗಾಜು, ಚಿಪ್ಪು, ಬಲೆಯ ತುಂಡು ಎಲ್ಲ ಇರುತ್ತದೆ. ಹೂತವರು ನೀರು ಮರಳಿ ಏರುವಾಗಲೂ ಅಲ್ಲೇ ಇರುತ್ತಾರೆ ಎಂಬುದು ಎಲ್ಲಕ್ಕಿಂತ ದೊಡ್ಡ ಅಪಾಯ. ದೋಣಿಯಲ್ಲೇ ಕುಳಿತಿರಿ, ಫೋನ್ ಮಾಡಿ ಸುದ್ದಿ ಮುಟ್ಟಿಸಿ, ನೀರು ಬರುವ ತನಕ ಕಾಯಿರಿ. ಅದಕ್ಕಾಗಿಯೇ ಎರಡು ಗಂಟೆಯ ಸುತ್ತಾಟಕ್ಕೂ ಆರು ಗಂಟೆಗೆ ಸಾಕಾಗುವಷ್ಟು ಕುಡಿಯುವ ನೀರು, ಟಾರ್ಚ್, ಮನೆಮಂದಿಯ ಔಷಧಿ ಜತೆಗಿರಬೇಕು. ಈಗಾಗಲೇ ಕಾಲು ಹೂತುಹೋಗಿದ್ದರೆ ಎಳೆದಾಡಬಾರದು. ಹಿಂದಕ್ಕೆ ಮಲಗಿದಂತೆ ಒರಗಿ, ಮೈಭಾರವನ್ನು ಅಗಲಕ್ಕೆ ಹಂಚಿ, ಕಾಲನ್ನು ನಿಧಾನವಾಗಿ ಅಲುಗಿಸುತ್ತಾ ಬಿಡಿಸಿಕೊಳ್ಳಬೇಕು.

ಲೈಫ್ ಜಾಕೆಟ್ ಧಕ್ಕೆಯ ಮೇಲೆಯೇ ತೊಡಬೇಕು.

ದೋಣಿ ಹತ್ತಿದ ಮೇಲಲ್ಲ, ಅಲೆ ಬಂದಾಗಲಂತೂ ಅಲ್ಲ. 2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟಿದ್ದ ನೀಲ್‌ಕಮಲ್ ಫೆರಿಗೆ ನೌಕಾಪಡೆಯ ವೇಗದ ದೋಣಿ ಬಂದು ಬಡಿದು 15 ಮಂದಿ ಸತ್ತರು. ಹಾಡುಹಗಲು, ಶಾಂತವಾದ ಸಮುದ್ರ. ಹುಡುಕಿ ತೊಡುವಷ್ಟು ಸಮಯವನ್ನು ಅಪಘಾತ ಕೊಡುವುದಿಲ್ಲ. ಅದೇ ವರ್ಷದ ಜನವರಿ 18ರಂದು ವಡೋದರದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಹೋದರು. ಅದು ಸಮುದ್ರವಲ್ಲ, ಊರೊಳಗಿನ ಕೆರೆ. ಆದ್ದರಿಂದ ಥಾಣೆಯ ತಲಾವ್ ಪಾಳಿಯಲ್ಲಿ ಪೆಡಲ್ ದೋಣಿ ತುಳಿಯುವವರಿಗೂ ಇದೇ ನಿಯಮ.

ಕೊಟ್ಟ ಜಾಕೆಟ್ಟನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿ. ಒಳಗಿನ ಸ್ಪಂಜನ್ನು ಬೆರಳಿನಿಂದ ಒತ್ತಿದರೆ ಮರಳಿ ಉಬ್ಬಬೇಕು. ಬಕಲ್ ‘ಟಕ್’ ಎಂದು ಕೂರಬೇಕು, ಎಳೆದರೆ ಬಿಚ್ಚಬಾರದು. ಪಟ್ಟಿಯನ್ನು ಗಂಟು ಹಾಕಿಕೊಟ್ಟರೆ ಬೇಡ ಎನ್ನಿ. ತೊಡಿಸಿದ ಮೇಲೆ ಮಗುವಿನ ಭುಜದ ಪಟ್ಟಿಗಳನ್ನು ಹಿಡಿದು ಮೇಲಕ್ಕೆತ್ತಿ ನೋಡಿ. ಜಾಕೆಟ್ ಕಿವಿಯ ತನಕ ಏರಿದರೆ ಅದು ದೊಡ್ಡವರದ್ದು. ನೀರಿಗೆ ಬಿದ್ದಾಗ ಜಾಕೆಟ್ ಮೇಲಿದ್ದು ಮಗು ಕೆಳಗೆ ಜಾರುತ್ತದೆ. ಮಕ್ಕಳ ಅಳತೆಯದ್ದು ಇಲ್ಲ ಎಂದಾದರೆ ಮಕ್ಕಳನ್ನು ಹತ್ತಿಸಬಾರದು. ಇದರಲ್ಲಿ ರಿಯಾಯಿತಿ ಇಲ್ಲ. ಸೀರೆ ಉಟ್ಟವರು ಸೆರಗನ್ನು ಜಾಕೆಟ್ಟಿನ ಒಳಗೆ ಸೇರಿಸಿ, ನೆರಿಗೆ ಎತ್ತಿ ಕಟ್ಟಬೇಕು. ಸಲ್ವಾರ್ ಆದರೆ ಇನ್ನೂ ಒಳ್ಳೆಯದು, ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವರೂ ಮುಳುಗುತ್ತಾರೆ.

ಹೆಚ್ಚು ಜನ ಹತ್ತಬಾರದು, ಹತ್ತಿದವರು ಒಂದೇ ಬದಿಗೆ ನುಗ್ಗಬಾರದು.

ದೋಣಿಯ ಮೇಲೆ ಬರೆದಿರುವ ಸಂಖ್ಯೆ ಓದಿ. ಬರೆದಿಲ್ಲವೆಂದರೆ ಆ ದೋಣಿ ಬೇಡ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಲೆಕ್ಕಕ್ಕಿಲ್ಲ ಎನ್ನಬೇಡಿ, ಅದೂ ಒಂದು ತಲೆಯೇ. ಕಾರವಾರದ ಕೂರ್ಮಗಡದಲ್ಲಿ 2019ರ ಜನವರಿ 21ರಂದು ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದವರ ದೋಣಿ ಮಗುಚಿ 16 ಜನ ಸತ್ತಿದ್ದನ್ನು ನಾವು ಯಾರೂ ಮರೆಯಬಾರದು. ಒಂದೇ ಮನೆಯವರೆಲ್ಲ ಒಟ್ಟಿಗೇ ಹೋಗಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಎರಡು ದೋಣಿ ಮಾಡಿ, ಇಲ್ಲವೇ ಎರಡು ಸರದಿ ಮಾಡಿ.

ಹಳೆಯ ಮುಂಬಯಿಯವರು 1947ರ ಜುಲೈ 17ರ ರಾಮದಾಸ್ ದುರಂತವನ್ನು ಇಂದಿಗೂ ಹೇಳುತ್ತಾರೆ. ಭಾವುಚಾ ಧಕ್ಕೆಯಿಂದ ರೇವಸಿಗೆ ಹೊರಟ ಆ ಉಗಿಹಡಗು ಮಳೆಗಾಲದ ಅಲೆಗೆ ಸಿಕ್ಕಿ ಮುಳುಗಿತು, 600ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಹಡಗು ವಾಲಿದಾಗ ಗಾಬರಿಗೊಂಡ ಜನ ಒಂದು ಬದಿಗೆ ನುಗ್ಗಿದರೆಂದು ಹೇಳುತ್ತಾರೆ. ಅಂಥ ಹಡಗಿನ ಕಥೆಯೇ ಹಾಗಾದರೆ ಹತ್ತು-ಇಪ್ಪತ್ತು ಜನರ ದೋಣಿಯಲ್ಲಿ ‘ಅಗೋ, ಬಲಗಡೆ ಫ್ಲೆಮಿಂಗೊ!’ ಎಂದ ಕೂಡಲೇ ಎಲ್ಲರೂ ಎದ್ದರೆ ಏನಾದೀತು? ಕೂತಲ್ಲಿಂದಲೇ ನೋಡಿ. ದೋಣಿಯನ್ನು ಆಚೀಚೆ ತಿರುಗಿಸಿ ಎರಡು ಬದಿಯವರಿಗೂ ತೋರಿಸಲು ತಾಂಡೇಲನಿಗೆ ಬರುತ್ತದೆ.

ಪಕ್ಷಿಗಳನ್ನು ಎಬ್ಬಿಸಬಾರದು.

ಥಾಣೆ ಖಾಡಿಯ ಸುಮಾರು 1,690 ಹೆಕ್ಟೇರನ್ನು 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿಸಲಾಯಿತು; 2022ರಲ್ಲಿ ಅದು ರಾಮ್ಸರ್ ಪಟ್ಟಿಗೂ ಸೇರಿತು. ನವೆಂಬರಿನಿಂದ ಮೇ ತನಕ ಸಾವಿರಾರು ಹಕ್ಕಿಗಳು ಇಳಿತದ ಹೊತ್ತಿಗೆ ತೆರೆದುಕೊಳ್ಳುವ ಕೆಸರಿನಲ್ಲಿ ಕೊಕ್ಕು ಊರಿ ಪಾಚಿ, ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತವೆ. ಅವುಗಳಿಗೂ ಊಟದ ಹೊತ್ತು ನೀರೇ ಗೊತ್ತುಮಾಡಿದ್ದು. ಹಾರುವ ಫೋಟೊ ಬೇಕೆಂದು ಹಾರ್ನ್ ಹೊಡೆಸುವುದು, ಚಪ್ಪಾಳೆ ತಟ್ಟುವುದು, ಡ್ರೋನ್ ಬಿಡುವುದು ನೀಚ ಕೆಲಸ. ತಿನ್ನುವ ಹಕ್ಕಿಯನ್ನು ಎಬ್ಬಿಸಿದರೆ ಅದರ ಆ ಹೊತ್ತಿನ ಅನ್ನ ಹೋಯಿತು. ಐರೋಲಿಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರದಿಂದ ಹೊರಡುವ ಅರಣ್ಯ ಇಲಾಖೆಯ ದೋಣಿಯಲ್ಲೇ ಹೋಗಿ. ಅವರು ಭರತ ನೋಡಿ ಸಮಯ ಕೊಡುತ್ತಾರೆ. ಕೊಟ್ಟ ಸಮಯ ಬೆಳಗಿನ ಜಾವದ್ದಾದರೆ ಬೆಳಗಿನ ಜಾವವೇ ಏಳಿ.

ಕಾಂಡ್ಲಾ ಕೊಂಬೆಗೆ ದೋಣಿ ಕಟ್ಟಬಾರದು. ತಿಂಡಿಯ ಪ್ಲಾಸ್ಟಿಕ್ ಖಾಡಿಗೆ ಬಿಸಾಡಬಾರದು. ಮೀನುಗಾರರ ಬಲೆಯ ಹಗ್ಗ ಪ್ರೊಪೆಲರಿಗೆ ಸುತ್ತಿಕೊಂಡರೆ ಚಾಕು ತೆಗೆಯುವ ಮೊದಲು ಎಂಜಿನ್ ನಿಲ್ಲಿಸಿ, ಬಿಡಿಸಲು ನೋಡಿ. ಅದು ಒಬ್ಬರ ಹೊಟ್ಟೆಪಾಡು.

ಮಳೆಗಾಲದಲ್ಲಿ ಉಲ್ಹಾಸ ನದಿಗೆ ಇಳಿಯಬಾರದು.

ಕಲ್ಯಾಣ್, ಡೊಂಬಿವಲಿಯವರಿಗೆ ಈ ಮಾತು. ಕಲ್ಯಾಣ್ ಎರಡು ಸಾವಿರ ವರ್ಷದ ಬಂದರು; ಶಿವಾಜಿ ಮಹಾರಾಜರು 1657ರಲ್ಲಿ ಕಲ್ಯಾಣ್-ಭಿವಂಡಿ ಗೆದ್ದ ಮೇಲೆ ಹಡಗು ಕಟ್ಟಲು ಶುರುಮಾಡಿದ್ದು ದುರ್ಗಾಡಿಯ ಈ ಖಾಡಿಯ ದಡದಲ್ಲೇ. 2016ರ ಕಾಯ್ದೆಯಲ್ಲಿ ಇದು ರಾಷ್ಟ್ರೀಯ ಜಲಮಾರ್ಗ 53 ಕೂಡ ಆಯಿತು. ಈ ಹಿರಿಮೆಯನ್ನು ಮಕ್ಕಳಿಗೆ ದಡದಲ್ಲಿ ನಿಂತು ಹೇಳಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ನೀರು ಮೇಲಿಂದ, ಭರತದ ನೀರು ಕೆಳಗಿಂದ ಬಂದು ಇಲ್ಲಿ ಸೇರುತ್ತವೆ. 2019ರ ಜುಲೈ 27ರಂದು ಉಲ್ಹಾಸ ಉಕ್ಕಿ ಬದ್ಲಾಪುರ-ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸನ್ನೇ ಸುತ್ತುವರಿದಾಗ ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊರತರಬೇಕಾಯಿತು. ಆ ಕಾಲದಲ್ಲಿ ನೀರಿನ ಮೇಲೆ ಇರಬೇಕಾದ್ದು ರಕ್ಷಣಾ ದೋಣಿಗಳು ಮಾತ್ರ. ಬೇಸಿಗೆಯಲ್ಲೂ ಎಚ್ಚರ ಬೇಕು: ಮರಳು ತೆಗೆದ ರೇತಿಬಂದರಿನ ಬಳಿ ದಡದಿಂದ ಎರಡೇ ಹೆಜ್ಜೆಗೆ ಆಳ ಗುಂಡಿ ಇರಬಹುದು. ಕಲ್ಯಾಣದ ಮೇಲ್ಭಾಗದಲ್ಲಿ ಹಬ್ಬುವ ಅಂತರಗಂಗೆ ಪ್ರೊಪೆಲರನ್ನೇ ಕಟ್ಟಿಹಾಕುತ್ತದೆ. ಆನ್‌ಲೈನ್‌ನಲ್ಲಿ ತರಿಸಿದ, ಗಾಳಿ ತುಂಬುವ ಕಯಾಕ್ ಇಲ್ಲಿ ಆಟದ ಸಾಮಾನೇ; ಒಳಗೇ ಇರಲಿ.

ಗಣಪತಿ ವಿಸರ್ಜನೆಯ ತೆಪ್ಪ ಹತ್ತುವ ಹಟವನ್ನೂ ಬಿಡಿ. ಅನಂತ ಚತುರ್ದಶಿ ಹುಣ್ಣಿಮೆಯ ಹಿಂದಿನ ದಿನ. ಸಂಜೆಯ ಹೊತ್ತಿಗೆ ನೀರು ಇಳಿಯುತ್ತಿರುತ್ತದೆ, ಘಾಟಿನ ಕೆಳಗಿನ ಮೆಟ್ಟಿಲುಗಳು ಪಾಚಿ ಹಿಡಿದು ಜಾರುತ್ತವೆ. ಆರತಿ ಮೇಲೆಯೇ ಮುಗಿಸಿ, ಮೂರ್ತಿಯನ್ನು ಘಾಟಿನ ಕಾರ್ಯಕರ್ತರ ಕೈಗೆ ಕೊಡಿ.

ಇನ್ನು ಚುಟುಕಾಗಿ.

ಕುಡಿದವರನ್ನು ಹತ್ತಿಸಬಾರದು, ಬಾಟಲಿ ಇದ್ದರೆ ದಡದಲ್ಲೇ ಬಿಡಿಸಿ. ವಾಂತಿಯಾಗುವವರು ಮಾತ್ರೆಯನ್ನು ಹೊರಡುವ ಮೊದಲೇ ನುಂಗಬೇಕು, ತಲೆ ಸುತ್ತಲು ಶುರುವಾದ ಮೇಲೆ ಅಲ್ಲ. ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ. ಬೇಲಾಪುರ ಧಕ್ಕೆಯಿಂದ 2022ರಲ್ಲಿ ವಾಟರ್ ಟ್ಯಾಕ್ಸಿ ಆರಂಭವಾಗಿದ್ದು ನಿಜ, ಆದರೆ ಆ ದಿನ ಓಡುತ್ತದೆಯೇ ಎಂದು ವಿಚಾರಿಸದೆ ಹಿರಿಯರನ್ನು ಬಿಸಿಲಿಗೆ ಹೊರಡಿಸಬೇಡಿ.

ಯಾರಾದರೂ ನೀರಿಗೆ ಬಿದ್ದರೆ.

‘ಮಾಣೂಸ್ ಪಾಣ್ಯಾತ್ ಪಡ್ಲಾ!’ ಎಂದು ತಾಂಡೇಲನಿಗೆ ಕೇಳುವಂತೆ ಕೂಗಿ. ಎಂಜಿನ್ ತಕ್ಷಣ ನಿಲ್ಲಬೇಕು. ಒಬ್ಬರು ಬಿದ್ದವರ ಕಡೆ ಬೆರಳು ತೋರಿಸುತ್ತಲೇ ಇರಬೇಕು, ಬೇರೆ ಕೆಲಸ ಮಾಡಬಾರದು. ಕಂದು ನೀರಿನಲ್ಲಿ ತಲೆಯೊಂದು ಕಣ್ತಪ್ಪಿದರೆ ಮತ್ತೆ ಸಿಗುವುದು ಕಷ್ಟ. ಟ್ಯೂಬು, ಹಗ್ಗ, ಖಾಲಿ ಕ್ಯಾನು, ಏನು ಸಿಕ್ಕಿದರೂ ಎಸೆಯಿರಿ. ಹಿಂದೆಯೇ ಧುಮುಕಬಾರದು, ಅಪ್ಪನಾದರೂ ಅಣ್ಣನಾದರೂ. ಮುಳುಗುವವರು ಕೈಗೆ ಸಿಕ್ಕವರ ಕತ್ತನ್ನೇ ಹಿಡಿಯುತ್ತಾರೆ, ಆಗ ಹುಡುಕಬೇಕಾದ್ದು ಇಬ್ಬರನ್ನು.

ಕರಾವಳಿ ರಕ್ಷಣಾ ಪಡೆಯ ಸಂಖ್ಯೆ 1554, ಪೊಲೀಸ್ ಮತ್ತು ಎಲ್ಲ ತುರ್ತಿಗೂ 112. ರೇಡಿಯೊ ಇರುವ ದೋಣಿಯಲ್ಲಿ ಚಾನೆಲ್ 16. ಹೊರಡುವ ಮೊದಲೇ ಇಬ್ಬರ ಫೋನಿನಲ್ಲಿ ಬರೆದಿಟ್ಟು, ಆ ಫೋನುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕುತ್ತಿಗೆಗೆ ಹಾಕಿಕೊಳ್ಳಿ. ಕರೆ ಸಿಕ್ಕಿದ ಕೂಡಲೇ ಮೂರು ಸಂಗತಿ ಹೇಳಿ: ಯಾವ ಸೇತುವೆಗೆ ಅಥವಾ ಯಾವ ಧಕ್ಕೆಗೆ ಹತ್ತಿರ ಇದ್ದೀರಿ, ಒಟ್ಟು ಎಷ್ಟು ಜನ, ನೀರು ಏರುತ್ತಿದೆಯೋ ಇಳಿಯುತ್ತಿದೆಯೋ.