ತೇರು ಎಳೆದ ಹಾಗೆ ಎಳೆಯಬೇಡ

ಮಗಾ, ನಿನ್ನೆ ರಾಮನಗರದ ಬಂಡೆಯಲ್ಲಿ ಸ್ಟ್ರೆಚರ್ ಚಾಚುಗಲ್ಲಿನ ಅಡಿಗೆ ಸಿಕ್ಕಿಕೊಂಡಾಗ ನೀನು, "ಇನ್ನಿಬ್ಬರು ಬನ್ರೋ, ಕೈ ಹಾಕಿ" ಅಂತ ಕೂಗಿದೆ. ಅದು ರಕ್ಷಣಾ ಅಭ್ಯಾಸದ ದಿನ, ಸ್ಟ್ರೆಚರಿನಲ್ಲಿದ್ದದ್ದು ಮರಳಿನ ಮೂಟೆ. ಆದರೂ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಊರಲ್ಲಿ ತೇರು ನಿಂತರೆ ನಾವು ಮಾಡುವುದು ಅದನ್ನೇ. ಇನ್ನಷ್ಟು ಜನ ಮಿಣಿ ಹಿಡಿಯುತ್ತಾರೆ, ಗಾಲಿಗೆ ಸನ್ನೆ ಕೊಡುತ್ತಾರೆ, ತೇರು ಹೊರಡುತ್ತದೆ. ಆ ರೂಢಿಯನ್ನು ಬಂಡೆಯ ಹತ್ತಿರ ತರಬೇಡ.

ಲೆಕ್ಕ ನೋಡು. ಒಂದಕ್ಕೆ ಮೂರರಷ್ಟು ಬಲ ಕೊಡುವಂತೆ ರಾಟೆ ಕಟ್ಟಿ, ನಾಲ್ವರು ತಲಾ 25 ಕೆ.ಜಿ.ಯಷ್ಟು ಎಳೆದರೆ ಭಾರದ ತುದಿಯಲ್ಲಿ 300. ಅದರ ಮೇಲೆ ಅಂಥದ್ದೇ ಇನ್ನೊಂದು ಸೇರಿಸಿದರೆ 900. ರಾಟೆಯ ತಿಕ್ಕಾಟದಲ್ಲಿ ಒಂದಿಷ್ಟು ಸೋರಿಹೋದರೂ, ಕಲ್ಲಿಗೆ ಸಿಕ್ಕಿದ ಕಾಲು ಮುರಿಯಲು ಉಳಿದದ್ದು ಸಾಕು. ಎಳೆಯುವವರ ಕೈಗೆ ಮಾತ್ರ ಎಲ್ಲ ಹಗುರ.

"ಹಗ್ಗ 3,000 ಕೆ.ಜಿ. ತಡೆಯುತ್ತೆ ಸರ್, ಚೀಟಿಯಲ್ಲೇ ಇದೆ" ಅಂತ ನೀನು ಅಂದೆ. ಅದು ಹೊಸ ಹಗ್ಗವನ್ನು ಗಂಟಿಲ್ಲದೆ, ನೆಟ್ಟಗೆ, ನಿಧಾನವಾಗಿ ಎಳೆದಾಗಿನ ಸಂಖ್ಯೆ. ಎಂಟರ ಗಂಟು ಹಾಕಿದೊಡನೆ ಕಾಲುಭಾಗ ಹೋಯಿತು, ಕೆಲವೊಮ್ಮೆ ಇನ್ನೂ ಹೆಚ್ಚು. ಉದ್ದಕ್ಕೆ 2,200 ಕೆ.ಜಿ. ತಡೆಯುವ ಕ್ಯಾರಬಿನರ್ ಕೊಂಡಿ ಅಡ್ಡ ತಿರುಗಿದರೆ 700ರ ಆಸುಪಾಸಿನಲ್ಲೇ ಮುರಿದೀತು. ಎಲ್ಲವನ್ನೂ ಹಿಡಿದು ನಿಲ್ಲಿಸುವ ಆಂಕರಿನ ಎರಡು ಕಾಲುಗಳು 120 ಡಿಗ್ರಿ ಅಗಲಿದರೆ ಒಂದೊಂದರ ಮೇಲೂ ಪೂರ್ತಿ ಭಾರ ಬೀಳುತ್ತದೆ. ಹಗ್ಗವನ್ನು ಕಚ್ಚಿ ಹಿಡಿಯುವ ಜೂಮಾರಿನ ಹಲ್ಲಂತೂ ಹಗ್ಗ ತುಂಡಾಗುವುದಕ್ಕೆ ಬಹಳ ಮೊದಲೇ ಅದರ ಹೊರಕವಚವನ್ನು ಸೀಳಿಬಿಡುತ್ತದೆ. ಅದಕ್ಕೇ ಬಿಡಿಬಿಡಿ ಸಾಮಾನಲ್ಲ, ಕಟ್ಟಿ ಮುಗಿಸಿದ ಇಡೀ ಜೋಡಣೆಯನ್ನೇ ಎಳೆತ ಅಳೆಯುವ ಮಾಪಕಕ್ಕೆ ಸಿಕ್ಕಿಸಿ ಎಳೆದು ನೋಡಬೇಕು ಅನ್ನುವುದು.

ನಾನು ಮೊದಲ ಸಲ ಹಾಗೆ ಎಳೆಸಿದ ದಿನ ಕಣ್ಣಿಗೆ ಕಟ್ಟಿದಂತಿದೆ. ಗಂಟುಗಳು ಕಿರುಗುಟ್ಟುತ್ತಾ ಬಿಗಿದವು. ಆಮೇಲೆ ಹಗ್ಗವನ್ನು ಸುತ್ತಿ ಹಿಡಿಯುವ ಪ್ರುಸಿಕ್ ಗಂಟು ಸರ್ರನೆ ಗೇಣುದ್ದ ಜಾರಿತು, ಸುಟ್ಟ ನೈಲಾನಿನ ವಾಸನೆ ಬಂತು. ಹತ್ತಿರ ಹೋಗಿ ನೋಡಿದರೆ ಹಗ್ಗದ ಮೇಲೆ ಗಾಜಿನಂಥ ಹೊಳಪು. ಉಗುರಿಂದ ಕೆರೆದರೆ ಗಟ್ಟಿ. ಆ ಜಾರಿಕೆಯೇ ನಮಗೆ ಸಿಗುವ ಎಚ್ಚರಿಕೆ, ಮಗಾ. ನಿನ್ನೆ ನಿನ್ನ ಪ್ರುಸಿಕ್ ಜಾರಿದಾಗ ನೀನು ಅದನ್ನು ಮತ್ತೆ ಮುಂದಕ್ಕೆ ತಳ್ಳಿ ಎಳೆಸಿದೆ.

ಭಾರ ನಿಂತಿತೇ, ಕೈಗಳೂ ನಿಲ್ಲಲಿ. ಅಂಚಿನಲ್ಲಿ ಇರುವವನು ಬಗ್ಗಿ ನೋಡಲಿ, ಬೇಕಾದರೆ ಒಂದಡಿ ಕೆಳಗಿಳಿಸಿ ಬಿಡಿಸಿಕೊಳ್ಳಿ. ಅವನು "ನಿಲ್ಲಿ" ಅಂದ ಮೇಲೆ ನಾನು ಹೇಳಿದರೂ ಎಳೆಯಬೇಡ.

ಭಾನುವಾರ ಮಾಪಕ ತರುತ್ತೇನೆ. ಎಳೆಯುವವರನ್ನು ಒಬ್ಬೊಬ್ಬರನ್ನಾಗಿ ಸೇರಿಸುತ್ತಾ ನೀನೇ ಅಂಕಿ ಓದು. ಬರುವಾಗ ಕತ್ತರಿ ತಾ. ಪರೀಕ್ಷೆಗೆ ಎಳೆದ ಹಗ್ಗವನ್ನು ಮತ್ತೆ ಯಾರೂ ಬಳಸದ ಹಾಗೆ ಅಲ್ಲೇ ಮೊಳದುದ್ದದ ತುಂಡು ಮಾಡಿ ಬರೋಣ.